ಯಾರಿಗೂ ಅಲ್ಲದ ರಂಗೋಲಿ

ನಮ್ಮ ಊರಿನಲ್ಲಿ ಯಾರೂ ಯಾರನ್ನೂ ಬಾಯಿ ಬಿಟ್ಟು ಮನೆಗೆ ಕರೆಯುವುದಿಲ್ಲ. ಕರೆದರೂ ಬರುವುದಿಲ್ಲ, ತಾವಾಗಿಯೇ ಬರುವವರ ಮಾತು ಬೇರೆ. ಬಾಗಿಲ ಮುಂದೆ ರಂಗೋಲಿ ಹಾಕಬೇಕು, ಆಗ ಬರುತ್ತಾರೆ. ಸೋದರಮಾವ ಬೇಕಾದರೆ ಸೋದರಮಾವನ ರಂಗೋಲಿ, ಡಾಕ್ಟರು ಬೇಕಾದರೆ ಡಾಕ್ಟರ ರಂಗೋಲಿ. ಬೆಳಿಗ್ಗೆ ಹಾಕಿದರೆ ಅದು ಅಳಿಸಿಹೋಗುವುದರೊಳಗೆ ಆ ಮನುಷ್ಯ ಎಲ್ಲಿದ್ದರೂ ಚಪ್ಪಲಿ ಮೆಟ್ಟಿಕೊಂಡು ಬಂದು ನಿಲ್ಲುತ್ತಾನೆ. ಏನು ಬಂದದ್ದು ಎಂದು ಕೇಳಿದರೆ "ಏನಿಲ್ಲ, ಈ ಕಡೆ ಬಂದಿದ್ದೆ" ಎನ್ನುತ್ತಾನೆ. ಕ್ಷೌರಕ್ಕೆ ಕೂತವನು ಅರ್ಧ ಗಡ್ಡದಲ್ಲಿ ಎದ್ದು ಬಂದಿದ್ದರೂ ಹಾಗೆಯೇ ಎನ್ನುತ್ತಾನೆ. ನಾವೂ ಆ ಅರ್ಧ ಗಡ್ಡವನ್ನು ನೋಡಿಯೇ ಇಲ್ಲವೆಂಬಂತೆ ಕುಡಿಯಲು ನೀರು ಕೊಡುತ್ತೇವೆ. ಇದು ನಮ್ಮ ಊರಿನ ಮರ್ಯಾದೆ.

ಇದಕ್ಕೆಲ್ಲ ನಾವು ಹೊಂದಿಕೊಂಡುಬಿಟ್ಟಿದ್ದೇವೆ. ಗಾಳಿ ಎದ್ದ ದಿನ ರಂಗೋಲಿ ಕೆದರಿ, ಬರಬೇಕಾದವನ ಬದಲು ಅವನ ತಮ್ಮ ಬರುವುದುಂಟು. ತುಂತುರು ಬಿದ್ದರೆ ಅರ್ಧ ದಾರಿಗೆ ಬಂದವರು ತಲೆ ಕೆರೆದುಕೊಂಡು ಹಿಂದಿರುಗುತ್ತಾರೆ. ನಮ್ಮ ಶಾಲೆಯ ಹೆಡ್‌ಮಾಸ್ತರು ವರ್ಷವಿಡೀ ಬೆಳಿಗ್ಗೆ ಬೇಗ ಬಂದು ಗೇಟಿನ ಮುಂದೆ ಮಕ್ಕಳೇನಾದರೂ ಗೀಚಿದ್ದಾರೆಯೇ ಎಂದು ನೋಡಿ ನೀರು ಹೊಯ್ಯುತ್ತಾರೆ. ಒಮ್ಮೆ ಯಾವುದೋ ಮಗು ಆಟಕ್ಕೆ ಎಳೆದ ಗೆರೆಗೆ ಇನ್‌ಸ್ಪೆಕ್ಟರು ಬಂದುಬಿಟ್ಟಿದ್ದರು.

ನಾನು ಸಾವಂತ್ರಮ್ಮ. ಕೂಲಿಗೆ ಬೇರೆಯವರ ಬಾಗಿಲಲ್ಲಿ ರಂಗೋಲಿ ಹಾಕುವ ನಮ್ಮನ್ನು ಊರಿನಲ್ಲಿ ಚುಕ್ಕಿಯವರು ಎನ್ನುತ್ತಾರೆ. ಎಲ್ಲರ ಕೈಗೂ ಇದು ಹತ್ತುವ ವಿದ್ಯೆಯಲ್ಲ. ಚುಕ್ಕಿಗಳು ಯಾರು ಬರಬೇಕೆಂದು ಹೇಳುತ್ತವೆ, ಚುಕ್ಕಿಗಳನ್ನು ಸುತ್ತುವ ಎಳೆಗಳು ಹೇಗೆ ಬರಬೇಕೆಂದು ಹೇಳುತ್ತವೆ. ಎಳೆ ನಡುಗಿದರೆ ಬಂದವರಿಗೆ ಜ್ವರ. ಎಳೆ ದಪ್ಪವಾದರೆ ಬಂದವರು ಊಟ ಮುಗಿದರೂ ಎದ್ದು ಹೋಗುವುದಿಲ್ಲ. ನನ್ನ ಹೆಸರು ಇರುವುದು ಅಳಿಯಂದಿರ ವಿಷಯದಲ್ಲಿ. ನಾನು ಹಾಕಿದ ಅಳಿಯನ ರಂಗೋಲಿಗೆ ಬಾರದ ಅಳಿಯ ಈ ಊರಿನಲ್ಲಿ ಹುಟ್ಟಿಲ್ಲ ಎಂದು ಜನ ಹೇಳುತ್ತಾರೆ. ಕೇಳಲು ಖುಷಿಯಾಗುತ್ತದೆ, ಸುಳ್ಳು ಹೇಳುವುದಿಲ್ಲ.

ಆದರೆ ಹೆಸರು ಬಂದ ಮೇಲೆ ಏನಾಗುತ್ತದೆಂದರೆ, ಜನ ಕೈಗೆ ಕೆಲಸ ಕೊಟ್ಟು ತಲೆಗೆ ರಜೆ ಕೊಡುತ್ತಾರೆ. ಎದುರು ಮನೆಯ ಪುಟ್ಟಲಕ್ಷ್ಮಮ್ಮ ನನ್ನ ಹಳೆಯ ಗಿರಾಕಿ. ಅವರ ಒಬ್ಬನೇ ಅಳಿಯ ಗುರುಸ್ವಾಮಿ ಪಕ್ಕದ ಊರಿನಲ್ಲಿ ಅಕ್ಕಿ ಗಿರಣಿ ನೋಡಿಕೊಳ್ಳುತ್ತಾನೆ. ಅವನನ್ನು ಕರೆಸಬೇಕಾದಾಗಲೆಲ್ಲ ಪುಟ್ಟಲಕ್ಷ್ಮಮ್ಮ ಒಂದು ಮಣೆ ಹಾಕಿಕೊಂಡು ನನ್ನ ತಲೆಯ ಮೇಲೆಯೇ ಕೂರುತ್ತಾರೆ.

"ಎಸಳು ಸ್ವಲ್ಪ ದೊಡ್ಡದು ಮಾಡಿ ಸಾವಂತ್ರಮ್ಮ. ಮಗೂನೂ ಕರ್ಕೊಂಡು ಬರ್ಲಿ."

"ಆಯ್ತು."

"ಅಷ್ಟು ದೊಡ್ಡದು ಬೇಡ. ಅವರಮ್ಮನೂ ಬಂದ್ಬಿಡ್ತಾರೆ."

"ಚಿಕ್ಕದು ಮಾಡ್ತೀನಿ."

"ಚಿಕ್ಕದಾಯ್ತು ಅನ್ನಿಸುತ್ತಪ್ಪ. ಮಧ್ಯಾಹ್ನ ಊಟಕ್ಕೆ ಬಂದು ಸಾಯಂಕಾಲಕ್ಕೆ ಹೊರಡ್ಬೇಕು, ಆದ್ರೆ ಹೊರಟಿದ್ದು ನಮ್ಗೆ ಬೇಜಾರಾಗ್ಬೇಕು, ಹಂಗೆ ಮಾಡಿ."

ಅಂಥದ್ದಕ್ಕೂ ಎಳೆ ಇದೆ, ನನಗೆ ಗೊತ್ತು, ಹಾಕಿಕೊಟ್ಟೆ. ಅವತ್ತು ಮಾತ್ರ ಏನಾಯಿತೋ, ಕೊನೆಯ ಎಸಳು ಮುಗಿದ ಮೇಲೂ ಬೆರಳ ಸಂದಿಯಲ್ಲಿ ಸ್ವಲ್ಪ ಪುಡಿ ಉಳಿದಿತ್ತು. ಆ ಪುಡಿಯಲ್ಲಿ ಒಂದು ಎಳೆ ಬಿಟ್ಟೆ. ಅದು ಎಸಳಿನಿಂದ ಹೊರಟು, ಎಲ್ಲ ಎಳೆಗಳ ಹಾಗೆ ಹೊಸ್ತಿಲ ಕಡೆ ಬರುವುದನ್ನು ಬಿಟ್ಟು, ಬೀದಿಯ ಕಡೆ ಹೋಯಿತು. ಹೋಗಿ, ಏನೋ ಮರೆತವರ ಹಾಗೆ ಥಟ್ಟನೆ ತಿರುಗಿ ವಾಪಸು ಬಂತು. ನಾನು ಕೂತಲ್ಲಿಂದ ಅದನ್ನು ನೋಡಿದೆ. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಅಂಥದ್ದೊಂದು ಬಂದಿರಲಿಲ್ಲ. ನನಗೆ ಬಹಳ ಸಂತೋಷವಾಯಿತು.

"ಈ ಬಾಲ ಯಾರಿಗೆ?" ಎಂದರು ಪುಟ್ಟಲಕ್ಷ್ಮಮ್ಮ.

"ಯಾರಿಗೂ ಅಲ್ಲ. ಚೆನ್ನಾಗಿತ್ತು ಅಂತ."

"ಹಂಗಾದ್ರೆ ಅಳಿಸ್ಬಿಡಿ. ಅಳಿಯಂದಿರ ಜೊತೆ ಇನ್ಯಾರಾದ್ರೂ ತಗಲಾಕ್ಕೊಂಡು ಬಂದ್ರೆ ನಾನೆಲ್ಲಿ ಹೋಗ್ಲಿ?"

ನಾನು ಸೆರಗಿನ ತುದಿಯಿಂದ ಅಳಿಸಿದೆ. ಮನಸ್ಸು ಬಾರದೆ ಬಾಲದ ತುದಿಯನ್ನು ಕೊನೆಗೆ ಉಳಿಸಿಕೊಂಡು ಅಳಿಸಿದೆ. ನನಗೇ ಆಶ್ಚರ್ಯ. ಅಳಿಸುವುದು ನಮಗೆ ಹೊಸದಲ್ಲ, ದಿನಾ ಬೆಳಿಗ್ಗೆ ಹಾಕಿದ್ದು ದಿನಾ ಸಂಜೆ ತುಳಿದು ಮಣ್ಣಾಗಿರುತ್ತದೆ. ಎದ್ದು ನಿಂತು ನೋಡಿದರೆ ಪುಟ್ಟಲಕ್ಷ್ಮಮ್ಮ ಆಗಲೇ ಕೈಯನ್ನು ಹುಬ್ಬಿನ ಮೇಲಿಟ್ಟುಕೊಂಡು ಬೀದಿಯ ತುದಿಯನ್ನು ನೋಡುತ್ತಿದ್ದರು. ಆಗ ನನಗೆ ಹೊಳೆಯಿತು, ಈ ಊರಿನಲ್ಲಿ ಯಾರೂ ರಂಗೋಲಿಯನ್ನು ನೋಡುವುದಿಲ್ಲ. ಹಾಕಿ ಮುಗಿಸಿದ ಕೂಡಲೇ ಎಲ್ಲರ ಕಣ್ಣೂ ಬೀದಿಗೆ ಹೋಗುತ್ತದೆ. ಬಂದವರೋ, ಅವರು ಕರೆಸಿಕೊಂಡ ಸಂಕೋಚಕ್ಕೆ ಕಣ್ಣು ಕೆಳಗೆ ಹಾಕದೆ ದಾಟಿ ಒಳಗೆ ಹೋಗುತ್ತಾರೆ.

ಅಂದೇ ತೀರ್ಮಾನ ಮಾಡಿದೆ. ನನ್ನ ಮನೆಯ ಬಾಗಿಲಿಗೆ, ಯಾರನ್ನೂ ಕರೆಯದ, ನನ್ನದೇ ಆದ ಒಂದು ರಂಗೋಲಿ ಹಾಕಬೇಕು.

ಮಧ್ಯಾಹ್ನ ಊಟಕ್ಕೆ ಬಡಿಸುತ್ತ ನಮ್ಮ ಯಜಮಾನರಿಗೆ ಹೇಳಿದೆ. ಅವರು ಶಿವನಂಜಪ್ಪ, ಊರಿನ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಾರೆ. ಮದುವೆ ಇದ್ದ ದಿನ ಕೆಂಪು ಕೋಟು ಹಾಕಿಕೊಂಡು ಹೋಗಿ, ಸಂಜೆ ಬಂದು, ಕೋಟನ್ನು ಮೊಳೆಗೆ ಸಿಕ್ಕಿಸಿ, ಕ್ಲಾರಿನೆಟ್ಟನ್ನು ಅದರ ಪೆಟ್ಟಿಗೆಯಲ್ಲಿ ಮಲಗಿಸಿದರೆ ಮುಗಿಯಿತು. ಮದುವೆಯಾದಾಗಿನಿಂದ ಅವರು ಮನೆಯಲ್ಲಿ ಒಂದು ಸ್ವರ ಊದಿದ್ದನ್ನು ನಾನು ಕೇಳಿಲ್ಲ.

"ಬೆಳಿಗ್ಗೆಯಿಂದ ನಾಕು ಮನೆ ಬಾಗಿಲಲ್ಲಿ ಬಗ್ಗಿ ಬಗ್ಗಿ ಸೊಂಟ ಬಿದ್ದೋಗಿದೆ ಅಂತೀಯ. ಮತ್ತೆ ಇಲ್ಲೂ ಬಗ್ತೀಯಾ?" ಎಂದರು.

"ಇದು ನಂಗೋಸ್ಕರ."

"ನಿಂಗೋಸ್ಕರ ಅಂದ್ರೆ ಮಲಕ್ಕೋಬೇಕು ಕಣೆ" ಎಂದು ಮಜ್ಜಿಗೆ ಹಾಕಿಸಿಕೊಂಡರು.

ಅವರದ್ದು ತಪ್ಪು ಎಂದು ಹೇಳುವ ಹಾಗೂ ಇರಲಿಲ್ಲ. ಚುಕ್ಕಿಯವರ ಮನೆಗಳೆಲ್ಲ ಊರಿನಲ್ಲಿ ಬೋಳು. ಹೊಸ್ತಿಲ ಮೇಲೆ ಎರಡು ಗೀರು, ಅಷ್ಟೇ. ಅದಕ್ಕೆ ಹಾಲಿನವನು ಬರುತ್ತಾನೆ, ಸಾಕು.

ಮರುದಿನ ಬೇಗ ಎದ್ದು ಅಂಗಳ ಸಾರಿಸಿ ಕೂತೆ. ಕೂತೆ ಎಂದರೆ ಕೂತೇ ಇದ್ದೆ. ಗಿರಾಕಿ ಇಲ್ಲದೆ ಕೈ ಮುಂದೆ ಹೋಗಲಿಲ್ಲ. ಇನ್ನೊಬ್ಬರ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತ ಕ್ಷಣ ಹರಿಯುವ ಪುಡಿ, ನನ್ನ ಬಾಗಿಲಲ್ಲಿ ಬೆರಳಿಗೆ ಅಂಟಿಕೊಂಡು ನಿಂತಿತು. ಕೊನೆಗೆ ಕಣ್ಣು ಮುಚ್ಚಿಕೊಂಡು, ಏನು ಬರುತ್ತದೋ ಬರಲಿ ಎಂದು ಚುಕ್ಕಿ ಇಟ್ಟೆ, ಎಳೆ ಎಳೆದೆ. ಕಣ್ಣು ತೆರೆದಾಗ ಚೆನ್ನಾಗಿಯೇ ಕಂಡಿತು. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಬೀದಿಯಲ್ಲಿ ಗುರುಸ್ವಾಮಿ ಕಾಣಿಸಿಕೊಂಡ. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ, ಕಂಕುಳಲ್ಲಿ ಮಗು. ಅವನು ತನ್ನ ಅತ್ತೆಯ ಮನೆಯ ಕಡೆ ತಿರುಗಿಯೂ ನೋಡದೆ ಸೀದಾ ನಮ್ಮ ಬಾಗಿಲಿಗೆ ಬಂದು, "ಏನಿಲ್ಲಮ್ಮ, ಈ ಕಡೆ ಬಂದಿದ್ದೆ" ಎಂದ.

ಬಂದವರಿಗೆ ಊಟ ಹಾಕದೆ ಕಳಿಸುವ ಹಾಗಿಲ್ಲ. ಅಳಿಯನ ಊಟ ಎಂದರೆ ಹೋಳಿಗೆ. ನಾನು ಬೇಳೆ ಬೇಯಿಸುತ್ತಿದ್ದರೆ ನಮ್ಮ ಯಜಮಾನರು ಜಗುಲಿಯಲ್ಲಿ ಕೂತು, ಮಕ್ಕಳಿಲ್ಲದ ಮನೆಗೆ ಬಂದ ಅಳಿಯನ ಹತ್ತಿರ ಗಿರಣಿಯ ಸಮಾಚಾರ ಕೇಳುತ್ತಿದ್ದರು. ಎದುರು ಮನೆಯ ಜಗುಲಿಯಲ್ಲಿ ಪುಟ್ಟಲಕ್ಷ್ಮಮ್ಮ ಸೆಟೆದು ನಿಂತಿದ್ದರು. ಬೇರೆಯವರ ಅಳಿಯನನ್ನು ಕರೆಸಿಕೊಳ್ಳುವುದು ನಮ್ಮ ಊರಿನಲ್ಲಿ ಬಚ್ಚಲ ಹಂಡೆ ಕದ್ದದ್ದಕ್ಕಿಂತ ದೊಡ್ಡ ಅಪರಾಧ.

"ನಂಗೋಸ್ಕರ ಹಾಕ್ಕೊಂಡಿದ್ದು ಪುಟ್ಟಲಕ್ಷ್ಮಮ್ಮ, ಕೈತಪ್ಪಿ ಹಿಂಗಾಯ್ತು" ಎಂದೆ.

"ನಿಮಗೋಸ್ಕರ ಅಂದ್ರೆ ನಮ್ಮ ಅಳಿಯಾನೇ ಬೇಕಾಗಿತ್ತಾ?" ಎಂದರು. ನಾನು ಹೋಳಿಗೆ ತಟ್ಟಲು ಒಳಗೆ ಹೋದೆ. ಗುರುಸ್ವಾಮಿ ಹೋಳಿಗೆ ತಿಂದು, ಅತ್ತೆಯ ಮನೆಯದಕ್ಕಿಂತ ಚೆನ್ನಾಗಿದೆ ಎಂದು ಬೀದಿಗೆ ಕೇಳುವ ಹಾಗೆ ಹೇಳಿ ಹೋದ.

ಎರಡನೆಯ ಸಲ ಬುದ್ಧಿ ಉಪಯೋಗಿಸಿದೆ. ಕೈಗೆ ಅಭ್ಯಾಸವಾದದ್ದನ್ನೆಲ್ಲ ಬೇಕೆಂದೇ ಕೆಡಿಸಿದೆ. ಎಳೆ ನೇರ ಹೋಗಬೇಕಾದಲ್ಲಿ ಮುರಿದೆ, ಸೇರಬೇಕಾದಲ್ಲಿ ಬಿಟ್ಟೆ. ನೋಡಲು ಯಾರೋ ಜಗಳವಾಡಿ ಎದ್ದುಹೋದ ಹಾಗಿತ್ತು. ನಮ್ಮ ಯಜಮಾನರ ಜೊತೆ ಜಗಳವಾಡಿ ಮಾತು ಬಿಟ್ಟಿದ್ದ ದೊಡ್ಡಪ್ಪನ ಮಗ ಬಂದ. ಬಂದವನು ಜಗುಲಿ ಹತ್ತದೆ, ಹಿಂದೆ ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ ಜಗಳ ಮುಂದುವರಿಸಿದ. ಸಂಜೆ ಅವನು ಹೋದ ಮೇಲೆ ನಮ್ಮ ಯಜಮಾನರು, "ನಿಂಗೋಸ್ಕರ ಹಾಕ್ಕೊಂಡೆ ಸರಿ, ಬೈಸಿಕೊಂಡಿದ್ದು ನಾನು" ಎಂದು ಅಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು.

ನನಗೆ ಭಯವಾಗತೊಡಗಿತು. ಇದು ಆಟದ ಭಯವಲ್ಲ. ನನ್ನ ಕೈಯಲ್ಲಿ ನನ್ನದು ಎನ್ನುವುದು ಏನಾದರೂ ಉಳಿದಿದೆಯೇ ಅಥವಾ ಇದು ಊರವರ ಅಳಿಯಂದಿರು, ಭಾವಂದಿರು, ಡಾಕ್ಟರುಗಳು ಓಡಾಡಿ ಸವೆದ ಕಾಲುದಾರಿಯೇ? ಅಡುಗೆಮನೆಯಲ್ಲಿ ನಿಂತು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಬೆರಳಿನ ತುದಿಗಳು ಬೆಳ್ಳಗಿದ್ದವು, ತೊಳೆದರೂ ಹೋಗುವುದಿಲ್ಲ.

ಉಳಿದದ್ದು ಒಂದೇ ದಾರಿ. ಚುಕ್ಕಿ ಇಡದೆ ಹಾಕುವುದು. ಅದನ್ನು ಚುಕ್ಕಿಯವರು ಮಾಡುವ ಹಾಗಿಲ್ಲ. ಚುಕ್ಕಿ ಇಲ್ಲದಿದ್ದರೆ ವಿಳಾಸವಿಲ್ಲ, ವಿಳಾಸವಿಲ್ಲದಿದ್ದರೆ ಯಾರು ಬೇಕಾದರೂ ಬರಬಹುದು, ಹುಚ್ಚು ನಾಯಿಯಿಂದ ಹಿಡಿದು ಮಂತ್ರಿಯವರೆಗೆ. ಹಾಗೆ ಹಾಕಿದವಳು ಮತ್ತೆ ಇನ್ನೊಬ್ಬರ ಹೊಸ್ತಿಲಿಗೆ ಕೈ ಹಚ್ಚಬಾರದು ಎನ್ನುವುದು ನಮ್ಮಲ್ಲಿ ಮೊದಲಿನಿಂದ ಬಂದ ಕಟ್ಟಳೆ. ಆ ಕಟ್ಟಳೆಯನ್ನು ಕಾಯುವವರು ಮಲ್ಲಜ್ಜಿ. ನನಗೆ ವಿದ್ಯೆ ಕಲಿಸಿದವರು, ಈಗ ಹಲ್ಲಿಲ್ಲ, ಆದರೂ ಕಚ್ಚುತ್ತಾರೆ. ಕೇಳೋಣವೆಂದು ಅವರ ಮನೆಗೆ ಹೋದೆ.

"ಚುಕ್ಕಿ ಇಡದೆ ಎಳೀತೀಯಾ? ಯಾಕೆ?"

"ನನ್ನದು ಅಂತ ಒಂದು ಇರ್ಲಿ ಅಂತ ಅಜ್ಜಿ."

"ನಿಂದು ಅಂತ ಮನೆ ಐತೆ, ಗಂಡ ಅವ್ನೆ, ಹೆಸರು ಐತೆ. ಇನ್ನೇನು ಬೇಕು? ಎಳೆದೆ ಅಂತ ಗೊತ್ತಾದ್ರೆ ನಾಳೆಯಿಂದ ಯಾರ ಬಾಗಿಲಿಗೂ ಹೋಗಂಗಿಲ್ಲ ನೋಡು."

ಆ ವಾರವೆಲ್ಲ ನಾನು ಸರಿಯಾಗಿ ಊಟ ಮಾಡಲಿಲ್ಲ. ಅಳಿಯಂದಿರನ್ನು ಕರೆಸುವುದು ನನಗೆ ಬೇಸರವಾಗಿತ್ತು ನಿಜ. ಆದರೆ ಅದನ್ನು ಬಿಟ್ಟರೆ ನಾನು ಯಾರು ಎನ್ನುವುದು ನನಗೂ ತಿಳಿಯದು. ಊರಿನ ಬೀದಿಗಳಲ್ಲಿ ಪುಡಿಯ ಬಟ್ಟಲು ಹಿಡಿದು ಹೋಗುವಾಗ ಜನ ದಾರಿ ಬಿಡುತ್ತಾರಲ್ಲ, ಅದು ನನಗೆ ಬೇಕಿತ್ತು. ಆ ಬಾಲವೂ ಬೇಕಿತ್ತು. ಎರಡೂ ಬೇಕೆನ್ನುವುದು ದುರಾಸೆ ಎಂದು ನನಗೆ ನಾನೇ ಬೈದುಕೊಂಡೆ. ಬೈದುಕೊಂಡದ್ದರಿಂದ ಏನೂ ಆಗಲಿಲ್ಲ.

ಒಂದು ಬೆಳಿಗ್ಗೆ, ಇನ್ನೂ ಯಾರ ಬಾಗಿಲೂ ತೆರೆಯುವ ಮೊದಲು, ಹಲ್ಲು ಕಚ್ಚಿಕೊಂಡು ಕೂತು ಎಳೆದೆ. ಒಂದು ಚುಕ್ಕಿಯೂ ಇಲ್ಲ. ಎಳೆ ಎಳೆಯುವಾಗ ಪ್ರತಿ ಉಸಿರಿಗೂ, ಯಾರೂ ಬರಬೇಡಿ, ಯಾರೂ ಬರಬೇಡಿ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಗುರುಸ್ವಾಮಿಯ ಮುಖ ನೆನಪಾದಾಗ ಇನ್ನಷ್ಟು ಒತ್ತಿ ಹೇಳಿಕೊಂಡೆ. ಕೊನೆಯಲ್ಲಿ ಆ ಬಾಲವನ್ನೂ ಬಿಟ್ಟೆ, ಬೀದಿಯ ಕಡೆ ಹೋಗಿ ವಾಪಸು ಬರುವುದು. ನಂತರ ಜಗುಲಿಯ ಮೇಲೆ ಕೂತು ಕಾದೆ.

ಯಾರೂ ಬರಲಿಲ್ಲ. ಹಾಲಿನವನು ಬೀದಿಯ ತಿರುವಿನವರೆಗೆ ಬಂದು, ನಿಂತು, ಬೇರೆ ಕಡೆ ಹೋದ. ಸೊಪ್ಪಿನವಳು ಕೂಗುತ್ತ ಬಂದವಳು ನಮ್ಮ ಮನೆಯ ಹತ್ತಿರ ಸುಮ್ಮನಾಗಿ, ದಾಟಿದ ಮೇಲೆ ಮತ್ತೆ ಕೂಗಿದಳು. ಅವತ್ತು ಕರಿ ಕಾಫಿ ಕುಡಿದೆವು. ಮಧ್ಯಾಹ್ನದ ಹೊತ್ತಿಗೆ ಕಾಗೆ ಕೂಡ ನಮ್ಮ ಸೂರಿನ ಮೇಲೆ ಕೂರುತ್ತಿರಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಸಂಜೆಯವರೆಗೆ ಜಗುಲಿಯಲ್ಲಿ ಕೂತು ನನ್ನ ರಂಗೋಲಿಯನ್ನು ನಾನೇ ನೋಡಿದೆ.

ಆದರೆ ಎದುರು ಮನೆ ಎಂಬುದೊಂದು ಇರುತ್ತದಲ್ಲ. ಮರುದಿನ ಎರಡು ಗೀರಿನ ಹೊಸ್ತಿಲಿಗೆ ಪುಟ್ಟಲಕ್ಷ್ಮಮ್ಮ ಹಾಲಿನವನಿಗಿಂತ ಮೊದಲೇ ಬಂದರು. ಬೈಯಲು ಬಂದರೆಂದು ನಾನು ಎದ್ದು ನಿಂತೆ. ಅವರು ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು.

"ನಿನ್ನೆ ನಿಮ್ಮನೆಗೆ ಯಾರೂ ಬರ್ಲಿಲ್ಲ, ಅಲ್ವಾ?"

"ಇಲ್ಲ."

"ಒಬ್ಬರೂ?"

"ಒಬ್ಬರೂ ಇಲ್ಲ."

"ಅದನ್ನ ನಮ್ಮನೆಗೆ ಹಾಕಿಕೊಡಿ ಸಾವಂತ್ರಮ್ಮ. ನಮ್ಮ ನಾದಿನಿ ಶುಕ್ರವಾರಕ್ಕೆ ಬರ್ತೀನಿ ಅಂತ ಹೇಳಿಕಳಿಸಿದ್ದಾಳೆ. ನಿಮ್ಮ ಕಾಲಿಗೆ ಬೀಳ್ತೀನಿ."

ಮಧ್ಯಾಹ್ನ ಮಲ್ಲಜ್ಜಿ ಕೋಲೂರಿಕೊಂಡು ಬಂದರು. ನನ್ನ ಕೆಲಸ ಹೋಯಿತೆಂದು ನಾನು ಪುಡಿಯ ಬಟ್ಟಲನ್ನು ತಂದು ಅವರ ಮುಂದಿಟ್ಟೆ. ಅವರು ಬಟ್ಟಲನ್ನು ನನ್ನ ಕಡೆಗೇ ತಳ್ಳಿದರು.

"ನನ್ನ ಮೂರೂ ಸೊಸೇರು ಒಟ್ಟಿಗೆ ಬರ್ತಾವ್ರೆ ಕಣೆ. ಬೇಗ ಬಂದು ಹಾಕಿಕೊಡು."

"ಕಟ್ಟಳೆ ಅಜ್ಜಿ?"

"ಯಾರಿಗೂ ಬೇಡದ್ದನ್ನ ಮಾಡಿದ್ರೆ ತಾನೆ ಕಟ್ಟಳೆ? ಇದು ಎಲ್ಲರಿಗೂ ಬೇಕು" ಎಂದು ಎದ್ದರು.

ಅಲ್ಲಿಂದ ಮುಂದೆ ನನಗೆ ಉಸಿರಾಡಲು ಪುರಸೊತ್ತಿರಲಿಲ್ಲ. ಅಳಿಯಂದಿರನ್ನು ಕರೆಸಿ ಹೆಸರು ಮಾಡಿದವಳು ಈಗ ಎಲ್ಲರನ್ನೂ ತಡೆದು ಅದಕ್ಕಿಂತ ದೊಡ್ಡ ಹೆಸರು ಮಾಡಿದೆ. ಊರಿಗೇ ಊರೇ ಬಾಗಿಲಲ್ಲಿ ಇದನ್ನು ಹಾಕಿಸಿಕೊಂಡಿತು. ಅದಕ್ಕೆ ಸಾವಂತ್ರಮ್ಮನ ಬೇಲಿ ಎಂದು ಹೆಸರು ಕೂಡ ಇಟ್ಟರು. ನನ್ನದು ಎಂದು ಮಾಡಿಕೊಂಡದ್ದಕ್ಕೆ ಊರು ನನ್ನ ಹೆಸರನ್ನೇ ಇಟ್ಟಿತು, ಅದಾದ ಮೇಲೆ ಅದು ನನ್ನದಾಗಿ ಉಳಿಯಲಿಲ್ಲ. ಯಾಕೆಂದರೆ ಮಣೆಗಳು ಮತ್ತೆ ಹೊರಗೆ ಬಂದವು. ಯಾರೂ ಬರಬಾರದು, ಆದರೆ ಹಾಲಿನವನು ಬರಬೇಕು ಎಂದರು ಒಬ್ಬರು. ಹಾಲಿನವನಿಗೆ ಒಂದು ಚುಕ್ಕಿ ಇಟ್ಟೆ. ಅತ್ತೆ ಬರಬಾರದು, ಅತ್ತೆ ಕಳಿಸುವ ಉಪ್ಪಿನಕಾಯಿ ಬರಬೇಕು ಎಂದರು ಇನ್ನೊಬ್ಬರು. ಅದಕ್ಕೆ ಎರಡು ಚುಕ್ಕಿ ಬೇಕಾಯಿತು. ಹೀಗೆ ಚುಕ್ಕಿಯಿಲ್ಲದ ರಂಗೋಲಿಯ ತುಂಬ ಚುಕ್ಕಿಗಳು ತುಂಬಿದವು. ಪುಟ್ಟಲಕ್ಷ್ಮಮ್ಮ ತಮ್ಮ ಮಣೆಯ ಮೇಲೆ ಕೂತು, "ಎಲ್ಲ ಸರಿ, ಆ ಬಾಲ ಒಂದು ಬೇಡ. ಬೀದಿಗೆ ಹೋಗಿದೆ, ಯಾರಾದ್ರೂ ಅದನ್ನ ಹಿಡ್ಕೊಂಡು ಬಂದಾರು" ಎಂದರು. ಅದನ್ನು ಎಲ್ಲರ ಬಾಗಿಲಿನಲ್ಲೂ ಕೈಬಿಡಬೇಕಾಯಿತು.

ಒಂದು ಸಂಜೆ ನನ್ನ ಬಾಗಿಲಿಗೇ ಹಾಕಿಕೊಳ್ಳೋಣವೆಂದು ಕೂತರೆ, ಕೈ ಬಾಲವಿಲ್ಲದ್ದನ್ನೇ ಹಾಕಿ ಎದ್ದು ಬಂತು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಕೆಲಸ ಚೆನ್ನಾಗಿ ನಡೆಯುತ್ತಿರುವಾಗ ಅಳುವವಳನ್ನು ಯಾರಿಗೆ ತೋರಿಸುವುದು ಎಂದು ಒಲೆ ಹಚ್ಚಿ ಹೊಗೆಯ ಮುಂದೆ ಕೂತು ಅತ್ತೆ.

ಊರು ಮೊದಮೊದಲು ಸುಖವಾಗಿಯೇ ಇತ್ತು. ಯಾರೂ ಯಾರ ಮನೆಗೂ ಹೋಗಲಿಲ್ಲ. ಜನ ಹಗಲು ಹೊತ್ತು ಕಾಲು ಚಾಚಿ ಮಲಗಿದರು. ತಿಂಡಿಯ ಡಬ್ಬಿಗಳು ಖಾಲಿಯಾಗಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ, ಬೈಯಲು ಯಾರೂ ಸಿಗದೆ ಮನೆಯವರು ಮನೆಯವರನ್ನೇ ಬೈಯತೊಡಗಿದರು. ಹೊಸ ಸೀರೆ ಉಟ್ಟವರು ಕಿಟಕಿಯಲ್ಲಿ ನಿಂತು, ಎದುರು ಕಿಟಕಿಯಲ್ಲಿ ನಿಂತವರಿಗೆ ಸೆರಗು ತಿರುಗಿಸಿ ತೋರಿಸಿದರು. ಪುಟ್ಟಲಕ್ಷ್ಮಮ್ಮ ನಾದಿನಿಯ ಬಗ್ಗೆ ಹೇಳಿಕೊಳ್ಳಲು ಏನೂ ಹೊಸದಿಲ್ಲದೆ ಹಳೆಯದನ್ನೇ ಹೇಳುತ್ತಿದ್ದರು.

ಇದಕ್ಕೆಲ್ಲ ಕೊನೆ ಬಂದದ್ದು ಒಂದು ಮದುವೆಯಲ್ಲಿ. ಹೆಣ್ಣಿನ ತಾಯಿ ಗಡಿಬಿಡಿಯಲ್ಲಿ, ಹಿಂದಿನ ದಿನ ನನ್ನಿಂದ ಹಾಕಿಸಿಕೊಂಡ ಬೇಲಿಯನ್ನು ಅಳಿಸಲು ಮರೆತರು. ಗಂಡಿನ ಕಡೆಯವರು ಬ್ಯಾಂಡ್‌ಸೆಟ್ಟಿನ ಸಮೇತ ಬೀದಿಯ ತಿರುವಿಗೆ ಬಂದವರು ಅಲ್ಲೇ ನಿಂತರು. ಮುಂದೆ ಹೆಜ್ಜೆ ಬರಲಿಲ್ಲ. ಯಾಕೆ ನಿಂತಿರಿ ಎಂದು ಕೇಳುವ ಹಾಗೂ ಇಲ್ಲ, ನಿಂತೆವು ಎಂದು ಹೇಳುವ ಹಾಗೂ ಇಲ್ಲ, ಮರ್ಯಾದೆಯ ಪ್ರಶ್ನೆ. ಮದುಮಗ ಕುದುರೆಯ ಮೇಲೆ ಬೆವರುತ್ತಿದ್ದ. ಬ್ಯಾಂಡಿನವರು ತಮಗೆ ಗೊತ್ತಿದ್ದ ಹಾಡುಗಳನ್ನೆಲ್ಲ ಊದಿ ಮುಗಿಸಿದರು, ಮೊದಲಿನಿಂದ ಮತ್ತೆ ಊದಿದರು. ಮುಹೂರ್ತ ಮೀರುವ ಹೊತ್ತಿಗೆ ಮದುಮಗಳೇ ಬಾಸಿಂಗ ಕಟ್ಟಿಕೊಂಡು ಹೊರಗೆ ಬಂದು, ಸೀರೆಯ ನೆರಿಗೆ ಎತ್ತಿ ಹಿಡಿದು, ಕಾಲಿನಿಂದ ಆ ಬೇಲಿಯನ್ನು ಉಜ್ಜಿ ಹಾಕಿದಳಂತೆ. ನನ್ನ ಕೆಲಸವನ್ನು ಒಬ್ಬಳು ಕಾಲಿನಿಂದ ಅಳಿಸಿದಳೆಂದು ಕೇಳಿ ನನಗೆ ಹಗುರವಾಯಿತು.

ಅವತ್ತು ಸಂಜೆ ನಮ್ಮ ಯಜಮಾನರು ಕೆಂಪು ಕೋಟನ್ನು ಮೊಳೆಗೆ ಸಿಕ್ಕಿಸಿ, ಊದಿಕೊಂಡ ತುಟಿಯನ್ನು ಮುಟ್ಟಿಕೊಳ್ಳುತ್ತ ಕೂತರು. ಕ್ಲಾರಿನೆಟ್ಟಿನ ಪೆಟ್ಟಿಗೆ ಮುಚ್ಚಿರಲಿಲ್ಲ.

"ಹಾಡೆಲ್ಲ ಮುಗಿದೋದ್ವು ಕಣೆ. ಉಳಿದವರು ಸುಸ್ತಾಗಿ ಕೂತ್ಬಿಟ್ರು. ನಾನೊಬ್ನೇ ನಿಂತ್ಕೊಂಡು ಏನೋ ಊದಿದೆ."

"ಏನು ಊದಿದ್ರಿ?"

"ಗೊತ್ತಿಲ್ಲ. ಹಾಡಲ್ಲ ಅದು" ಎಂದರು. ತುಟಿಗೆ ಬೆಣ್ಣೆ ಹಚ್ಚಿಕೊಳ್ಳುತ್ತ, "ಯಾರೂ ಕೇಳ್ತಾ ಇರ್ಲಿಲ್ಲ. ಕುದುರೆ ಒಂದು ಕಿವಿ ಎತ್ತಿತು" ಎಂದರು. ಮತ್ತೆ ಆ ಮಾತು ತೆಗೆಯಲಿಲ್ಲ.

ಮದುವೆಯ ಸುದ್ದಿ ಹರಡಿದ್ದೇ ತಡ, ಊರಿನ ಬೇಲಿಗಳೆಲ್ಲ ಎರಡು ದಿನದಲ್ಲಿ ಹೋದವು. ಮತ್ತೆ ಅಳಿಯಂದಿರು, ಮತ್ತೆ ಭಾವಂದಿರು. ಪುಟ್ಟಲಕ್ಷ್ಮಮ್ಮ ಗುರುಸ್ವಾಮಿಯ ಜೊತೆಗೆ ನಾದಿನಿಯನ್ನೂ ಕರೆಸಿಕೊಂಡು ಒಂದು ತಿಂಗಳ ಮಾತು ಒಂದೇ ಮಧ್ಯಾಹ್ನ ಆಡಿದರು. ನಾನು ಹಳೆಯ ಎಸಳುಗಳಿಗೆ ಹಿಂದಿರುಗಿದೆ. ನಿಜ ಹೇಳಬೇಕೆಂದರೆ, ಈ ಸಲ ಅವು ನನಗೆ ಅಷ್ಟು ಬೇಸರವಾಗಲಿಲ್ಲ. ಕೆಲಸ ಕೆಲಸದ ಜಾಗದಲ್ಲಿ ಚೆನ್ನಾಗಿಯೇ ಇರುತ್ತದೆ.

ಒಂದು ಮಂಗಳವಾರ ನನಗೆ ಯಾರ ಮನೆಯ ಕೆಲಸವೂ ಇರಲಿಲ್ಲ. ಯಜಮಾನರು ಹಿತ್ತಲಿನ ಬಾಗಿಲಿಂದ ಎಲೆ ಅಡಿಕೆ ತರಲು ಅಂಗಡಿಗೆ ಹೋಗಿದ್ದರು. ನಾನು ಅಂಗಳ ಸಾರಿಸಿ ಎದ್ದವಳು, ಒದ್ದೆ ನೆಲ ಚೆನ್ನಾಗಿ ಕಂಡಿತೆಂದು ಮತ್ತೆ ಕೂತೆ. ಯಾರನ್ನೂ ಕರೆಯಬೇಕೆಂದಿರಲಿಲ್ಲ. ಯಾರೂ ಬರಬಾರದೆಂದೂ ಇರಲಿಲ್ಲ. ಹಿಂದಿನ ಸಲ ಹಲ್ಲು ಕಚ್ಚಿ ಯಾರೂ ಬರಬೇಡಿ ಎಂದು ಬೇಡಿಕೊಂಡು ಎಳೆದಿದ್ದೆನಲ್ಲ, ಅದೂ ಊರವರನ್ನು ನೆನೆದುಕೊಂಡೇ ಎಳೆದದ್ದು ಎಂದು ಆಗ ತಿಳಿಯಿತು. ಈ ಸಲವೂ ಚುಕ್ಕಿ ಇಡಲಿಲ್ಲ, ಎಳೆಯನ್ನು ಮಾತ್ರ ನೋಡಿದೆ. ಅದು ಹೋದ ಕಡೆ ಹೋದೆ. ಒಂದು ಕಡೆ ತೆಳ್ಳಗಾಯಿತು, ಆಗಲಿ ಎಂದೆ. ಕೊನೆಗೆ ಅದು ಬೀದಿಯ ಕಡೆ ಹೊರಟು, ಏನೋ ಮರೆತವರ ಹಾಗೆ ತಿರುಗಿ ವಾಪಸು ಬಂತು. ಬರಲಿ ಎಂದು ನಾನು ಕಾದೂ ಇರಲಿಲ್ಲ.

ತಲೆ ಎತ್ತಿದಾಗ ಅಂಗಳದ ಆಚೆ ನಮ್ಮ ಯಜಮಾನರು ನಿಂತಿದ್ದರು. ಹಿತ್ತಲಿಂದ ಹೋದವರು ಹಿತ್ತಲಿಂದ ಬರಬೇಕಿತ್ತು. ಅವರ ಕೈಯಲ್ಲಿ ಎಲೆ ಇತ್ತು, ಅಡಿಕೆ ಇರಲಿಲ್ಲ. ಅಂಗಡಿಯಲ್ಲಿ ಅರ್ಧ ವ್ಯಾಪಾರ ಬಿಟ್ಟು ಬಂದಂತಿತ್ತು.

"ಏನು ಈ ಕಡೆಯಿಂದ ಬಂದ್ರಿ?" ಎಂದೆ.

"ಏನಿಲ್ಲ, ಈ ಕಡೆ ಬಂದಿದ್ದೆ" ಎಂದರು.

ಅವರು ಸ್ವಲ್ಪ ನಾಚಿಕೊಂಡರು. ಆದರೆ ಬಂದವರೆಲ್ಲ ಮಾಡುವ ಹಾಗೆ ಕಣ್ಣು ಮೇಲೆ ಮಾಡಿಕೊಂಡು ದಾಟಲಿಲ್ಲ. ಕೆಳಗೆ ನೋಡಿದರು. ನೋಡುತ್ತಲೇ ನಿಂತರು. ನಂತರ ಬಗ್ಗಿ, ಎಲೆಯ ಕಟ್ಟನ್ನು ಹಿಡಿದಿದ್ದ ಕೈಯಿಂದಲೇ ಬಾಲವನ್ನು ತೋರಿಸಿದರು.

"ಇದು ಹೊರಗೆ ಹೋಗೋದು ಸರಿ. ಇಲ್ಲಿಂದ ಯಾಕೆ ಹಿಂಗೆ ತಿರುಗ್ತು?"

ನಾನು ಎಷ್ಟೋ ಬಾಗಿಲಲ್ಲಿ ಬಗ್ಗಿದ್ದೇನೆ. ಯಾರು ಬರುತ್ತಾರೆ, ಯಾವಾಗ ಬರುತ್ತಾರೆ, ಎಷ್ಟು ಜನ ಬರುತ್ತಾರೆ ಎಂದು ಎಲ್ಲರೂ ಕೇಳಿದ್ದಾರೆ. ಎಳೆ ಯಾಕೆ ತಿರುಗಿತು ಎಂದು ಒಬ್ಬರೂ ಕೇಳಿರಲಿಲ್ಲ.

"ಗೊತ್ತಿಲ್ಲ" ಎಂದೆ. "ತಿರುಗ್ತು."

"ಹೂಂ" ಎಂದರು. "ಅಲ್ಲಿ ಹಂಗೇ ತಿರುಗುತ್ತೆ."

ಅಷ್ಟರಲ್ಲಿ ಎದುರು ಜಗುಲಿಯಿಂದ ಪುಟ್ಟಲಕ್ಷ್ಮಮ್ಮ ಕೂಗಿ ಕೇಳಿದರು. "ಸಾವಂತ್ರಮ್ಮ, ಹೊಸದಾಗಿ ಏನೋ ಹಾಕಿದ ಹಂಗಿದೆ. ಯಾರು ಬಂದ್ರು?"

"ನಮ್ಮನೆಯವರು."

"ನಿಮ್ಮನೆಯವರಾ?" ಅವರು ಇನ್ನೂ ಯಾರಾದರೂ ಇದ್ದಾರೆಯೇ ಎಂದು ಬೀದಿಯ ಎರಡೂ ಕಡೆ ನೋಡಿದರು. "ಅಯ್ಯೋ ಪಾಪ. ಈ ಸಲ ಕೆಟ್ಟೋಯ್ತು ಬಿಡಿ" ಎಂದು ಒಳಗೆ ಹೋದರು. ಇದನ್ನು ತಮಗೂ ಹಾಕಿಕೊಡಿ ಎಂದು ಅವರು ಕೇಳುವುದಿಲ್ಲ ಎಂಬುದು ಖಾತ್ರಿಯಾಯಿತು.

ಯಜಮಾನರು ರಂಗೋಲಿಯನ್ನು ತುಳಿಯದೆ, ಗೋಡೆಗೆ ಬೆನ್ನು ಹಚ್ಚಿಕೊಂಡು ಪಕ್ಕದಿಂದ ಬರಲು ನೋಡಿದರು. ಹೊಟ್ಟೆ ಅಡ್ಡ ಬಂತು, ಉಸಿರು ಎಳೆದುಕೊಂಡು ದಾಟಿ ಜಗುಲಿಯ ತುದಿಯಲ್ಲಿ ಕೂತರು. ಒಳಗೆ ಬರಲಿಲ್ಲ. ಬೇರೆ ಮನೆಗೆ ಬಂದವರ ಹಾಗೆ ಎಲೆಯ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.

ನಾನು ಒಳಗೆ ಹೋಗಿ ಕಾಫಿಗೆ ಇಟ್ಟೆ. ಬಂದವರಿಗೆಂದು ಅಟ್ಟದ ಮೇಲೆ ತೆಗೆದಿಟ್ಟಿದ್ದ ಬೆಳ್ಳಿ ಲೋಟವನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ತೊಳೆದೆ. ಆ ಲೋಟದಲ್ಲಿ ಡಾಕ್ಟರು ಕುಡಿದಿದ್ದಾರೆ, ದೊಡ್ಡಪ್ಪನ ಮಗ ಜಗಳದ ಮಧ್ಯೆ ಕುಡಿದಿದ್ದಾನೆ, ಯಾರದೋ ಅಳಿಯ ಗುರುಸ್ವಾಮಿ ಎರಡು ಸಲ ಕುಡಿದಿದ್ದಾನೆ. ನಮ್ಮ ಯಜಮಾನರಿಗೆ ಅದರಲ್ಲಿ ಕೊಡುತ್ತಿರುವುದು ಇದೇ ಮೊದಲು.